ಬಣ್ಣ ಮೊದಲು, ಹೆಸರು ಆಮೇಲೆ

ಮಾನ್ಯರೇ,

ಬದಿಯಡ್ಕದಲ್ಲಿ ಟೈಲರ್ ಅಂಗಡಿ ಇಟ್ಟವನು ನಾನು. ಮೊನ್ನೆ ಕಬಡ್ಡಿ ಪಂದ್ಯದ ಸುದ್ದಿಯಲ್ಲಿ ಎರಡೂ ಕಡೆ ಟೈಗರ್ಸ್! ಗೆದ್ದವರು ಯಾರು ಅಂತಲೇ ತಿಳಿಯಲಿಲ್ಲ. ಜೆರ್ಸಿಗೆ ಬರುವ ಹುಡುಗರಿಗೂ ಅದೇ ಹೆಸರು ಬೇಕು. ಬಣ್ಣ ಕೇಳಿದರೆ, 'ಯಾವುದಾದ್ರೂ ಹಾಕಿ ಅಣ್ಣಾ.'

ಅಮೆರಿಕದ ಸೇಂಟ್ ಲೂಯಿಸ್ ಬೇಸ್‌ಬಾಲ್ ತಂಡದ ಕಥೆ ಉಲ್ಟಾ. ಮೊದಲು ಅವರ ಕಾಲುಚೀಲ ಕಂದು, ಹೆಸರೂ ಬ್ರೌನ್ಸ್. 1899ರಲ್ಲಿ ಪರ್ಫೆಕ್ಟೋಸ್ ಎಂದು ಹೆಸರಿಟ್ಟು, ಅಂಗಿಯ ಅಂಚಿಗೂ ಕಾಲುಚೀಲಕ್ಕೂ ಕೆಂಪು ಹಾಕಿಸಿದರು. ಆ ಕೆಂಪಿಗೆ ಕಾರ್ಡಿನಲ್ ಅನ್ನುತ್ತಾರೆ. ಆಟ ನೋಡಲು ಬಂದ ಹೆಂಗಸೊಬ್ಬಳು ಬಣ್ಣ ಎಷ್ಟು ಚಂದ ಅಂದಳಂತೆ, ವರದಿಗಾರನೊಬ್ಬ ಅದನ್ನು ಪೇಪರಿಗೆ ಬರೆದನಂತೆ. 1900ಕ್ಕೆ ತಂಡದ ಹೆಸರೇ ಕಾರ್ಡಿನಲ್ಸ್. ಎದೆ ಮೇಲೆ ಆ ಹೆಸರಿನ ಹಕ್ಕಿ ಬಂದು ಕೂತದ್ದು 1922ರಲ್ಲಿ. ಹಕ್ಕಿಯಿಂದ ಬಂದ ಹೆಸರಲ್ಲ, ಬಟ್ಟೆಯಿಂದ ಬಂದದ್ದು. ಟೈಲರಿಗೆ ಖುಷಿ ಆಗದೆ ಇರುತ್ತದಾ?

ಮೊನ್ನೆ ಬಂದ ಹುಡುಗರಿಗೆ ಪಕ್ಕದ ಅಂಗಳದಲ್ಲಿ ಹರಡಿದ್ದ ಹಣ್ಣಡಿಕೆ ತೋರಿಸಿದೆ. ಈ ಬಣ್ಣ ಹಾಕೋಣ, ಇದೇ ಹೆಸರು ಇಡೋಣ ಅಂದೆ. ಒಬ್ಬ ನಕ್ಕ: 'ಅಡಿಕೆ ಅಂದ್ರೆ ಎದುರಿನವರು ಜಗಿದು ಉಗುಳ್ತಾರೆ ಅಣ್ಣಾ.'

ನಾನು ಮಾತ್ರ ಬಟ್ಟೆ 12 ಮೀಟರ್ ತರಿಸಿಟ್ಟಿದ್ದೇನೆ.

– ಒಬ್ಬ ಟೈಲರ್, ಬದಿಯಡ್ಕ