ಸಾಲ ತೀರಿತು, ಅವ್ವ

ಕಳೆದ ಸೋಮವಾರ ಅಪ್ಪನ ಸಾಲದ ಕೊನೆಯ ಕಂತು ಕಟ್ಟಿದೆವು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮ ಹೊಲದಲ್ಲಿ ದಾಳಿಂಬೆ ಬೆಳೆಯಲು ಮಾಡಿದ ಸಾಲ ಅದು. ಮೂರು ಕೊಳವೆಬಾವಿ ಕೊರೆಸಿದರೂ ನೀರು ಬೀಳಲಿಲ್ಲ. ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ಗಿಡಗಳಿಗೆ ತೇಲ್ಯಾ ರೋಗ ತಗುಲಿ ಕಾಯಿಗಳು ಕಪ್ಪಾಗಿ ಬಿರಿದವು. 2009ರಲ್ಲಿ ಅಪ್ಪ ತೀರಿಕೊಂಡ. ಅವನ ಮನೆಯವರು ನಮ್ಮನ್ನು ಹೊರಗೆ ಹಾಕಿದರು. ಹೊಲ ಅವರಿಗೆ ಉಳಿಯಿತು, ಸಾಲ ಅವ್ವನ ಕೊರಳಿಗೆ ಬಿತ್ತು.

ಅದನ್ನು ಅವ್ವ ಸಾಂಗಲಿಯಲ್ಲಿ ಧಂದೆ ಮಾಡಿ, ಅಂದರೆ ಲೈಂಗಿಕ ಕಾರ್ಯಕರ್ತೆಯಾಗಿ ದುಡಿದು, ತೀರಿಸಿದಳು. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿದೆ. "ನಿನ್ನ ನೌಕರಿಗೆ ತೊಂದರೆ ಆಗದಿದ್ದರೆ ಬರೆ" ಎಂದಳು.

ನಮಗೆ ಅವಳು ಹೇಳಿದ್ದು ಮಿರಜಿನ ದವಾಖಾನೆಯಲ್ಲಿ ಆಯಾ ಕೆಲಸ ಎಂದು. ತಿಂಗಳಿಗೊಮ್ಮೆ ಬರುವಾಗ ಚೀಲದಲ್ಲಿ ಭಡಂಗ್ ಚುರುಮುರಿ, ಒಣದ್ರಾಕ್ಷಿ ಇರುತ್ತಿದ್ದವು. ಜೊತೆಗೆ ದವಾಖಾನೆಯ ಕಥೆಗಳು: ಅವಳಿ ಮಕ್ಕಳನ್ನು ಹೆತ್ತ ಬಾಣಂತಿ, ಇಂಜೆಕ್ಷನ್‌ಗೆ ಹೆದರಿ ಮಂಚದ ಕೆಳಗೆ ಅಡಗಿದ ಮುದುಕ. ಆ ಕಥೆಗಳನ್ನು ಕೇಳಿಯೇ ನಾನು ನರ್ಸ್ ಆಗಬೇಕೆಂದು ಹಟ ಹಿಡಿದೆ. ಅವಳು ಅಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

ನನಗೆ ಗೊತ್ತಾದದ್ದು ನರ್ಸಿಂಗ್ ಪ್ರವೇಶಕ್ಕೆ ಕಾಗದಪತ್ರ ಹುಡುಕುವಾಗ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ, ವಿಳಾಸದ ದಾಖಲೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೂ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಪ್ರಮಾಣಪತ್ರದ ಮೇಲೆ ಆಧಾರ್ ಸಿಗುವಂತಾಯಿತು. ಕಾರ್ಡಿನಲ್ಲಿ ಕಸುಬಿನ ಗುರುತು ಇರಬಾರದೆಂದೂ ಕೋರ್ಟ್ ಹೇಳಿತ್ತು, ಅವ್ವನ ಕಾರ್ಡಿನಲ್ಲೂ ಇರಲಿಲ್ಲ. ಆದರೆ ಆ ಪ್ರಮಾಣಪತ್ರದ ಝೆರಾಕ್ಸ್ ಪ್ರತಿಯನ್ನು ಅವ್ವ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು.

ನಾಲ್ಕು ತಿಂಗಳು ನಾನು ಅವಳ ಫೋನ್ ಎತ್ತಲಿಲ್ಲ. ಹಣ ಮಾತ್ರ ತಪ್ಪದೆ ಬಂತು. ಆ ಹಣದಿಂದಲೇ ಫೀಸು ಕಟ್ಟಿದೆ. ಇದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ದೊಡ್ಡವ್ವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ನನ್ನನ್ನೂ ತಮ್ಮನನ್ನೂ ಸಾಕಿದಳು, ಊರವರು ಕೆದಕಿ ಕೇಳಿದಾಗಲೆಲ್ಲ ದವಾಖಾನೆಯ ಹೆಸರನ್ನೇ ಹೇಳಿದಳು. ಕನ್ನಡ ಶಾಲೆಯ ನಮ್ಮ ಗುರುಗಳು ಒಂದು ಪ್ರಶ್ನೆಯನ್ನೂ ಕೇಳದೆ ದಾಖಲಿಸಿಕೊಂಡರು. ಇಬ್ಬರಿಗೂ ಕೈಮುಗಿಯುತ್ತೇನೆ.

ಸಾಂಗಲಿಯ ಅವ್ವನ ಓಣಿಗೆ ಕೊನೆಗೂ ಹೋದಾಗ, ಹೊಸ್ತಿಲಲ್ಲಿ ಕುಳಿತಿದ್ದ, ಚಿಕ್ಕವ್ವನಂಥ ಮಾವಶಿಯೊಬ್ಬರು ನನ್ನನ್ನು ನೋಡಿದ ಕೂಡಲೇ ನನ್ನ ಹತ್ತನೆಯ ತರಗತಿಯ ಅಂಕ ಹೇಳಿದರು. ಓಣಿಗೆಲ್ಲ ಅದು ಬಾಯಿಪಾಠವಾಗಿತ್ತು. ಅವ್ವನಿಗೆ ಟೈಫಾಯಿಡ್ ಆದಾಗ ಗಂಜಿ ಕುಡಿಸಿದವರು, 2020ರ ಲಾಕ್‌ಡೌನಿನಲ್ಲಿ ಗಿರಾಕಿಗಳಿಲ್ಲದೆ ಒಲೆ ಆರಿದಾಗ ತಮ್ಮ ಪಾಲಿನ ಜೋಳ ಹಂಚಿಕೊಂಡವರು ಇವರೇ. ಧಂದೆ ಮಾಡುವ ಹೆಂಗಸರೇ 1996ರಲ್ಲಿ ಕಟ್ಟಿಕೊಂಡ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿಗೂ ನಾನು ಋಣಿ. ತಲೆ ತಗ್ಗಿಸಬೇಡ ಎಂದು ನನ್ನ ಅವ್ವನಿಗೆ ಮೊದಲು ಹೇಳಿದ್ದು ಆ ಸಂಘದ ಅಕ್ಕಂದಿರು. ಹೇಳಬೇಕಾಗಿದ್ದವಳು ನಾನು.

ಅವ್ವ, ಈಗ ನೀನು ನನ್ನ ಬಾಡಿಗೆ ಮನೆಯಲ್ಲಿದ್ದೀಯೆ. ನಾನು ರಾತ್ರಿ ಪಾಳಿ ಮುಗಿಸಿ ಬರುವವರೆಗೂ ಚಹಾ ಕುಡಿಯದೆ ಕಾಯುತ್ತೀಯೆ. ಬಂದ ಕೂಡಲೇ ವಾರ್ಡಿನಲ್ಲಿ ಏನಾಯಿತು ಎಂದು ಕೇಳುತ್ತೀಯೆ. ನಿನ್ನೆ ಅವಳಿ ಮಕ್ಕಳು ಹುಟ್ಟಿದವು ಎಂದೆ. ಎರಡೂ ಗಟ್ಟಿಯಾಗಿವೆಯೇ ಎಂದು ನೀನು ಕೇಳಿದೆ. ಗಟ್ಟಿಯಾಗಿವೆ, ಅವ್ವ.