ಐದನೇ ವರ್ಷದ ರಿಪೋರ್ಟ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಐದನೇ ವರ್ಷದ ಸ್ಕ್ಯಾನ್ ಮತ್ತು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂದಿದೆ. ಎರಡರಲ್ಲೂ ಏನೂ ತೊಂದರೆ ಇಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ ಬರುತ್ತದೆ. ಐದು ದಾಟಿದ ಮೇಲೆ ಆ ಭಯ ತುಂಬಾ ಕಡಿಮೆ. ಈ ದಿನಕ್ಕಾಗಿಯೇ ಕಾದಿದ್ದೆ, ನಿಮಗೆಲ್ಲ ಥ್ಯಾಂಕ್ಸ್ ಹೇಳೋಕೆ.

ಮೊದಲು ನಮ್ಮ ಫ್ಯಾಮಿಲಿ ಡಾಕ್ಟರಿಗೆ. ಜಾಸ್ತಿ ಸುಸ್ತಾಗ್ತಿದೆ ಅಂತ ಹೋಗಿದ್ದೆ. ಹಿಮೋಗ್ಲೋಬಿನ್ ಕಡಿಮೆ ಬಂತು. ಕಬ್ಬಿಣದ ಮಾತ್ರೆ ಬರೆದು ಕಳಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. "ರಕ್ತ ಎಲ್ಲಿ ಹೋಗ್ತಿದೆ ಅಂತ ನೋಡಲೇಬೇಕು" ಅಂದರು. ಮೋಷನ್‌ನಲ್ಲಿ ರಕ್ತ ಬರುತ್ತಾ ಅಂತ ನೇರವಾಗಿ ಕೇಳಿದರು. ಯಾವಾಗಲೋ ಒಮ್ಮೊಮ್ಮೆ ಬರುತ್ತೆ ಅಂದೆ. "ಪೈಲ್ಸ್ ಇದ್ದರೂ ಇರಬಹುದಮ್ಮ, ಆದರೆ ಒಳಗೆ ನೋಡದೆ ಹಾಗಂತ ಹೇಳೋಕಾಗಲ್ಲ." ಆ ಒಂದು ಮಾತಿಗೆ ನಾನು ಜೀವನಪೂರ್ತಿ ಋಣಿ.

ಇನ್ನು ಸರ್ಜನ್. ಈ ಕಾಯಿಲೆಯಲ್ಲಿ ಎಷ್ಟು ಜನ ಉಳೀತಾರೆ ಅಂತ ಕೇಳಿದಾಗ ಅವರು ಮಾತು ಮರೆಸಲಿಲ್ಲ. ಕೂತು ವಿವರವಾಗಿ ಹೇಳಿದರು. ಆಮೇಲೆ ನಾನೂ ಓದಿಕೊಂಡೆ. 2022ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಬಂತು. ಅದೇ ವರ್ಷ ಇದರಿಂದ ಸತ್ತವರು 9 ಲಕ್ಷಕ್ಕೂ ಹೆಚ್ಚು. ಜನರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದು ಮೂರನೆಯದು. ಜೀವ ತೆಗೆಯುವುದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಿಟ್ಟರೆ ಇದೇ. ಐವತ್ತು ದಾಟದವರಲ್ಲೂ ಹಲವು ದೇಶಗಳಲ್ಲಿ ಹೆಚ್ಚಾಗುತ್ತಿದೆ. ಇಷ್ಟನ್ನೇ ಕೇಳಿದರೆ ಯಾರಿಗಾದರೂ ಕೈಕಾಲು ತಣ್ಣಗಾಗುತ್ತೆ.

ಆದರೆ ಸರ್ಜನ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾವ ಹಂತದಲ್ಲಿ ಸಿಕ್ಕಿತು ಅನ್ನೋದೇ ಮುಖ್ಯ ಅಂದರು. ಅಮೆರಿಕದ ಲೆಕ್ಕದ ಪ್ರಕಾರ, ಕರುಳು ಬಿಟ್ಟು ಆಚೆ ಹರಡುವ ಮೊದಲೇ ಸಿಕ್ಕರೆ 100ರಲ್ಲಿ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ಹತ್ತಿರದ ಲಿಂಫ್ ಗ್ರಂಥಿಗಳಿಗೆ ಬಂದಿದ್ದರೆ 70ಕ್ಕೂ ಸ್ವಲ್ಪ ಹೆಚ್ಚು. ಲಿವರ್, ಶ್ವಾಸಕೋಶದಂಥ ದೂರದ ಜಾಗಕ್ಕೆ ಹೋಗಿದ್ದರೆ 15ರ ಆಸುಪಾಸು. ನನ್ನದು ಮೂರನೇ ಹಂತ, ಅಂದರೆ ನಡುವಿನ ಗುಂಪು. ಆ 70ನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೀಮೋಗೆ ಹೋಗುತ್ತಿದ್ದೆ.

ಕೀಮೋ ವಾರ್ಡಿನ ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಸಾಲದು. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ಹಾಕಿದ ಮೇಲೆ ತಣ್ಣನೆಯದು ಏನು ಮುಟ್ಟಿದರೂ ಬೆರಳು ಚುಚ್ಚಿದಂತಾಗುತ್ತದೆ, ಫ್ರಿಜ್ ತೆಗೆಯುವಾಗ ಗ್ಲೌಸ್ ಹಾಕ್ಕೊಳ್ಳಿ, ಬಿಸಿನೀರೇ ಕುಡಿಯಿರಿ ಅಂತ ಮೊದಲೇ ಹೇಳಿದ್ದರು. ಹೊಟ್ಟೆಯ ಮೇಲೆ ಕೆಲವು ತಿಂಗಳು ಸ್ಟೋಮಾ ಬ್ಯಾಗ್, ಅಂದರೆ ಮಲ ಸೇರುವ ಚೀಲ, ಇತ್ತು. ಅದನ್ನು ಬದಲಾಯಿಸೋದು ಹೇಗೆ ಅಂತ ಕಲಿಸಿದ ಸಿಸ್ಟರ್ ಒಂದು ಸಲವೂ ಮುಖ ಸಿಂಡರಿಸಲಿಲ್ಲ. ನನ್ನ ಮೈ ಬಗ್ಗೆ ನನಗಿದ್ದ ಸಂಕೋಚ ಹೋಗಿದ್ದು ಅವರಿಂದಲೇ. ಗೆಳತಿಯರೇ, ರಾತ್ರಿ ನಿದ್ದೆ ಬಾರದಾಗ ಫೋನ್ ಎತ್ತಿದವರು ನೀವು. ಯಾರು ಅಂತ ನಿಮಗೆ ಗೊತ್ತು.

ಕೊನೆಗೆ ನನ್ನ ತಂಗಿಗೆ. ಅಕ್ಕತಂಗಿ, ಅಣ್ಣತಮ್ಮ, ಅಪ್ಪಅಮ್ಮ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಪರೀಕ್ಷೆ ಶುರುಮಾಡಬೇಕು ಅನ್ನುತ್ತಾರೆ. ನನಗೆ 44ಕ್ಕೆ ಬಂದಿತ್ತು. ತಂಗಿಗೆ ಯಾವ ತೊಂದರೆಯೂ ಇರಲಿಲ್ಲ, ಆದರೂ ನಾನು ಹೇಳಿದ ವಾರದಲ್ಲೇ ಹೋದಳು. ಒಂದು ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು, ಸಿಕ್ಕಿತು. ಪಾಲಿಪ್‌ಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ, ಆಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಬೇಕು. ಅವಳದನ್ನು ಕೊಲೊನೋಸ್ಕೋಪಿ ಮಾಡುವಾಗಲೇ ತೆಗೆದುಹಾಕಿದರು. ನನ್ನ ರಿಪೋರ್ಟ್‌ಗಿಂತ ಅವತ್ತು ಅದಕ್ಕೇ ನಾನು ಜಾಸ್ತಿ ಅತ್ತಿದ್ದು.

ಅಣ್ಣನೂ ಆಗ ಕೊಲೊನೋಸ್ಕೋಪಿ ಮಾಡಿಸಿದ್ದ, ಏನೂ ಸಿಕ್ಕಿರಲಿಲ್ಲ. ಐದು ವರ್ಷ ಆಯ್ತಲ್ಲ, ಮುಂದಿನ ತಿಂಗಳು ಮತ್ತೆ ಮಾಡಿಸುತ್ತಿದ್ದಾನೆ. ಮಂಪರು ಔಷಧಿ ಕೊಡುವುದರಿಂದ ಜೊತೆಗೆ ಒಬ್ಬರು ಇರಬೇಕು, ಈ ಸಲ ನಾನು ಹೋಗುತ್ತಿದ್ದೇನೆ.