ಮಗಳಿಗೊಂದು ಪತ್ರ: ಗುರುವಾರದಿಂದ ಭಾನುವಾರದವರೆಗೆ

ಸಾಗರ
ಮಂಗಳವಾರ ರಾತ್ರಿ

ಮಗಳೇ,

ಕುಡಿತ ಬಿಡ್ತೀನಿ, ಇವತ್ತೇ ವಿಸ್ಕಿ ಬಾಟಲಿ ಸಿಂಕಿಗೆ ಸುರಿದುಬಿಡ್ತೀನಿ ಅಂದಾಗ ನಾನು ಫೋನಿನಲ್ಲಿ ಸುಮ್ಮನಾದೆನಲ್ಲ, ಅದು ಕೋಪ ಅಲ್ಲ. ಇವತ್ತು ಸುರಿಯಬೇಡ ಅಂತ ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೆ. ತಾಯಿ ಮಗಳಿಗೆ ಹೇಳುವ ಮಾತಾ ಇದು ಅನ್ನಿಸುತ್ತೆ, ಆದರೂ ಹೇಳುತ್ತೇನೆ: ಇವತ್ತು, ನಾಳೆ ಎಂದಿನಷ್ಟು ಕುಡಿ. ಹೆಚ್ಚು ಬೇಡ, ಪೂರ್ತಿ ನಿಲ್ಲಿಸುವುದೂ ಬೇಡ. ನಾಳೆ ರಾತ್ರಿ ಒಂಬತ್ತರದ್ದು ಕೊನೆಯದು ಅಂದುಕೋ. ಗುರುವಾರ ಬೆಳಿಗ್ಗೆ ನಾನು ಬಂದಿರುತ್ತೇನೆ, ನೇರ ಡಾಕ್ಟರ ಹತ್ತಿರ ಹೋಗೋಣ.

ಯಾಕೆ ಅಂದರೆ, ದಿನಾ ಒಂದು ಕ್ವಾರ್ಟರ್ ಅಂದೆ. 180 ಎಂಎಲ್ ವಿಸ್ಕಿಯಲ್ಲಿ ಶೇಕಡಾ 42.8 ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. ಡಾಕ್ಟರುಗಳು 30 ಎಂಎಲ್ ಪೆಗ್ಗನ್ನು ಒಂದು ಅಂತ ಎಣಿಸುತ್ತಾರೆ, ಅಂದರೆ ದಿನಕ್ಕೆ ಆರು. ನನ್ನನ್ನು ಹೆದರಿಸಿದ್ದು ಆ ಲೆಕ್ಕವೂ ಅಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕೈ ನಡುಗುತ್ತೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತೆ ಅಂದೆಯಲ್ಲ, ಅದು. ಮೈ ಅದಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ಆಲ್ಕೋಹಾಲ್ ಮಿದುಳನ್ನು ಮಂಕು ಮಾಡುತ್ತೆ, ಮಿದುಳು ಅದನ್ನು ಎದುರಿಸಿ ತನ್ನ ಚುರುಕನ್ನು ಏರಿಸಿಕೊಳ್ಳುತ್ತೆ. ಆಚೆಯಿಂದ ಯಾರೋ ಬಾಗಿಲು ತಳ್ಳುತ್ತಿದ್ದಾರೆ, ಈಚೆಯಿಂದ ನೀನು ಒತ್ತಿ ಹಿಡಿದಿದ್ದೀಯ. ಆಚೆಯವರು ತಟ್ಟನೆ ಸರಿದರೆ ಏನಾಗುತ್ತೆ? ಮುಗ್ಗರಿಸಿ ಬೀಳುತ್ತೀಯ. ಕುಡಿತ ನಿಲ್ಲಿಸಿದ ಮೊದಲ ಮೂರು ನಾಲ್ಕು ದಿನ ಆಗುವುದು ಅದೇ. ಗಟ್ಟಿ ಮನಸ್ಸಿನವರು ಹಟ ಹಿಡಿದು ರೂಮಿನ ಬಾಗಿಲು ಹಾಕಿಕೊಂಡು ಬಿಡೋಕೆ ಹೋಗಿ ಫಿಟ್ಸ್ ಬಂದು ಬೀಳುವುದು ಇದಕ್ಕೇ.

ಗಂಟೆಗಳ ಲೆಕ್ಕ ಬರೆದಿಟ್ಟುಕೋ. ಕೊನೆಯ ಗುಟುಕಿನಿಂದ ಆರರಿಂದ ಹನ್ನೆರಡು ಗಂಟೆಯೊಳಗೆ, ಅಂದರೆ ಗುರುವಾರ ಬೆಳಗಿನ ಜಾವದಿಂದ, ನಡುಕ, ಬೆವರು, ಎದೆ ಡವಡವ, ವಾಕರಿಕೆ ಶುರುವಾಗುತ್ತೆ. ಫಿಟ್ಸ್ ಭಯ ಇರುವುದು 48 ಗಂಟೆಯವರೆಗೆ. ಗುರುವಾರ ರಾತ್ರಿ ಹೆಚ್ಚು, ಶುಕ್ರವಾರ ರಾತ್ರಿಯ ಹೊತ್ತಿಗೆ ಇಳಿಯುತ್ತೆ. ಆಮೇಲೆ ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಇನ್ನೊಂದು ಅಪಾಯ. ಕೆಲವರಿಗೆ ಹಗಲು ರಾತ್ರಿ ತಿಳಿಯುವುದಿಲ್ಲ, ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುತ್ತೆ, ಹೊದಿಕೆಯನ್ನು ಕೀಳುತ್ತಾ ಇರುತ್ತಾರೆ, ಜ್ವರ ಏರುತ್ತೆ. ಡೆಲಿರಿಯಂ ಅನ್ನುತ್ತಾರೆ. ಎಲ್ಲರಿಗೂ ಬರುವುದಿಲ್ಲ, ಬಂದರೆ ಮನೆಯಲ್ಲಿ ಇಟ್ಟುಕೊಳ್ಳುವ ಕಾಯಿಲೆ ಅದಲ್ಲ. 108ಕ್ಕೆ ಫೋನ್, ಆಸ್ಪತ್ರೆ. ಅದಕ್ಕೇ ಡಾಕ್ಟರಿಗೆ ನಿಜ ಹೇಳು. ಎಷ್ಟು ವರ್ಷ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಏನಾಯಿತು, ನಿದ್ದೆ ಮಾತ್ರೆ ಏನಾದರೂ ನುಂಗುತ್ತಿದ್ದೀಯಾ, ಮುಟ್ಟು ತಪ್ಪಿದೆಯಾ. ನನ್ನೆದುರು ಹೇಳೋಕೆ ಆಗದಿದ್ದರೆ ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಅವರು ಅಡ್ಮಿಟ್ ಆಗಬೇಕು ಅಂದರೆ ಮರುಮಾತಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ, ಇನ್ನೆಲ್ಲೂ ಆಗದಿದ್ದರೆ ಅಲ್ಲಿಗೆ. ಅದಕ್ಕೆ ಮೊದಲೇ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಗೇ ಕಳಿಸಿದರೆ ಸಾಮಾನ್ಯವಾಗಿ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಅದೇ ಜಾತಿಯ ಮಾತ್ರೆ ಬರೆಯುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಮೊದಲ ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸುತ್ತಾ ಒಂದು ವಾರದ ಹೊತ್ತಿಗೆ ನಿಲ್ಲಿಸುತ್ತಾರೆ. ಸ್ಟ್ರಿಪ್ ನನ್ನ ಚೀಲದಲ್ಲಿರುತ್ತೆ, ಹೊತ್ತಿಗೆ ಸರಿಯಾಗಿ ಕೊಡುತ್ತೇನೆ. ಅನುಮಾನಪಟ್ಟು ಅಲ್ಲ, ಮರೆವಿನಲ್ಲಿ ಎರಡು ಸಲ ನುಂಗುವುದು ಆ ದಿನಗಳಲ್ಲಿ ಸುಲಭ. ಅದರ ಮೇಲೆ ಕುಡಿದರೆ ಉಸಿರೇ ನಿಧಾನವಾಗಿಬಿಡುತ್ತೆ. ವಾರದ ಮೇಲೆ ಅದನ್ನೇ ಮುಂದುವರಿಸಿದರೆ ಒಂದು ಬಿಟ್ಟು ಇನ್ನೊಂದಕ್ಕೆ ಅಂಟಿಕೊಂಡ ಹಾಗೆ.

ಇನ್ನೊಂದು, ಥಯಾಮಿನ್. ಬಿ1 ವಿಟಮಿನ್. ಇದನ್ನು ಹಗುರ ಮಾಡಬೇಡ. ಸುಸ್ತು ಅಂತ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗಿ ‘ಒಂದು ಗ್ಲೂಕೋಸ್ ಹಾಕಿಸಿಕೊಂಡು’ ಬರುವ ಅಭ್ಯಾಸ ನಮ್ಮ ಕಡೆ ಇದೆಯಲ್ಲ, ಕುಡಿಯುವವರಲ್ಲಿ ಅದೇ ಮುಳುವಾಗುತ್ತೆ. ಗ್ಲೂಕೋಸ್ ಅರಗೋಕೆ ಥಯಾಮಿನ್ ಬೇಕು, ಮೈಯಲ್ಲಿ ಅದು ಮೊದಲೇ ಬರಿದಾಗಿರುತ್ತೆ, ಉಳಿದಿದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು. ಕಣ್ಣು ಒಂದೇ ಸಮ ಅದುರುವುದು ಅಥವಾ ಒಂದು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಗಲಿಬಿಲಿ, ಇದರಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ. ಡ್ರಿಪ್ ಹಾಕುವ ಪ್ರಸಂಗ ಬಂದರೆ ‘ಥಯಾಮಿನ್ ಕೊಟ್ಟಿದ್ದೀರಾ’ ಅಂತ ನಾನೇ ಕೇಳುತ್ತೇನೆ. ಜಗಳಗಂಟಿ ಅಂದುಕೊಂಡರೂ ಪರವಾಗಿಲ್ಲ.

ನಿನ್ನ ರೂಮಿನಲ್ಲಿ ಮಂಚದಿಂದ ಹಾಸಿಗೆ ಕೆಳಗಿಳಿಸು. ನಾಲ್ಕು ದಿನ ಬಚ್ಚಲಿನ ಚಿಲಕ ಹಾಕಬೇಡ. ಸ್ಕೂಟರಿನ ಕೀಲಿ ನನಗೆ ಕೊಡು. ನಿನ್ನ ರೂಮ್‌ಮೇಟಿಗೂ ಹೇಳಿಡು: ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಚಮಚ ನೀರು ಏನೂ ಬೇಡ, ಕೈಗೆ ಕಬ್ಬಿಣದ ಕೀಲಿ ತುರುಕುವುದೂ ಬೇಡ, ಗಡಿಯಾರ ನೋಡಿಕೊಂಡು 108.

ಊಟದ ಆಸೆ ಇರುವುದಿಲ್ಲ. ಗಂಜಿ, ತಿಳಿ ಮಜ್ಜಿಗೆಗೆ ಉಪ್ಪು, ರಾಗಿ ಅಂಬಲಿ, ಬಾಳೆಹಣ್ಣು, ಎರಡು ಗಂಟೆಗೊಮ್ಮೆ ಅರ್ಧ ಲೋಟ. ವಾಂತಿಯಾದರೆ ಓಆರ್‌ಎಸ್. ಕಾಫಿ ಬೆಳಿಗ್ಗೆ ಒಂದೇ; ನಡುಕಕ್ಕೆ, ಎದೆಬಡಿತಕ್ಕೆ ಅದೂ ಸೇರಿದರೆ ಯಾವುದು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಸಿಹಿ ತಿನ್ನಬೇಕು ಅನ್ನಿಸುತ್ತೆ, ತಿನ್ನು, ಈ ತಿಂಗಳು ತೂಕದ ಮಾತು ಬೇಡ. ಮನೆಯಲ್ಲಿ ಅಡಗಿ ಕೂತ ಆಲ್ಕೋಹಾಲ್ ಹುಡುಕಿ ತೆಗೆಯಬೇಕು: ಕೆಲವು ಮೌತ್‌ವಾಶ್, ಕೆಮ್ಮಿನ ಸಿರಪ್. ನಾನೇ ಕಳಿಸಿದ್ದ ಅಶ್ವಗಂಧಾರಿಷ್ಟದ ಬಾಟಲಿಯೂ ಅದರಲ್ಲಿ ಸೇರಿತು. ಅರಿಷ್ಟ, ಆಸವ ಎಲ್ಲ ಹುದುಗಿ ಬಂದದ್ದೇ, ಅದರಲ್ಲಿ ಬಿಯರಿನಷ್ಟೋ ಇನ್ನೂ ಹೆಚ್ಚೋ ಆಲ್ಕೋಹಾಲ್ ಇರುತ್ತೆ.

ಇಷ್ಟು ಮೈಯ ಕೆಲಸ. ಭಾನುವಾರಕ್ಕೆ ಅದು ಬಹುಪಾಲು ಮುಗಿದು, ಸೋಮವಾರ ಸಂಜೆ ಆರೂವರೆಗೆ ನಿಜವಾದದ್ದು ಶುರುವಾಗುತ್ತೆ. ಆ ಹೊತ್ತಿಗೆ ಡಾಕ್ಟರೂ ಇರುವುದಿಲ್ಲ, ಎಷ್ಟು ದಿನ ಅಂತ ಅಮ್ಮನೂ ಇರುತ್ತಾಳೆ? ನಾನು ಎಷ್ಟೇ ಓದಿಕೊಂಡಿದ್ದರೂ ಆರೂವರೆಗೆ ಕುಡಿಯಲೇಬೇಕು ಅನ್ನಿಸುವ ಆ ದಾಹ ನನಗೆ ಅರ್ಥವಾಗುವುದಿಲ್ಲ, ಅರ್ಥವಾದಂತೆ ನಟಿಸಿದರೆ ನಿನಗೆ ಗೊತ್ತಾಗುತ್ತೆ. ಅದು ತಿಳಿದವರು ಬೇಕು. ಅದಕ್ಕೇ ಆಲ್ಕೋಹಾಲಿಕ್ಸ್ ಅನಾನಿಮಸ್, ಎಎ: ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಕೂತು ಒಬ್ಬರಿಗೊಬ್ಬರು ನೆರವಾಗುವ ಕೂಟ.

ಅದು ಹುಟ್ಟಿದ್ದು ಒಂದು ಫೋನಿನಿಂದ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರಿನ ಮೇಫ್ಲವರ್ ಹೋಟೆಲು. ವ್ಯವಹಾರ ಕೈಕೊಟ್ಟು ನಿಂತಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದೇ ತಿಂಗಳಾಗಿತ್ತು, ಪಕ್ಕದಲ್ಲೇ ಬಾರು. ಅದರೊಳಗೆ ಹೋಗುವ ಬದಲು ಊರಿನ ಚರ್ಚುಗಳಿಗೆ ಫೋನ್ ಮಾಡಿ, ತನ್ನಂಥ ಇನ್ನೊಬ್ಬ ಕುಡುಕನ ಜತೆ ಮಾತಾಡಬೇಕು ಅಂತ ಕೇಳಿದ. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರಚಿಕಿತ್ಸಕ. ಬಾಬ್ ಕೊನೆಯ ಸಲ ಕುಡಿದ ಜೂನ್ 10 ಅನ್ನೇ ಎಎಯ ಹುಟ್ಟುಹಬ್ಬ ಅನ್ನುತ್ತಾರೆ. ಆ ಕೊನೆಯ ಬಿಯರ್ ಕೊಟ್ಟವನೂ ಬಿಲ್ಲೇ, ಆಪರೇಷನ್ ಮಾಡುವ ಕೈ ನಡುಗದಿರಲಿ ಅಂತ! ಆಗ ಈ ಮಾತ್ರೆಗಳು ಇರಲಿಲ್ಲ.

ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಮೀಟಿಂಗುಗಳಿವೆ, ಹೆಚ್ಚಾಗಿ ಚರ್ಚಿನ ಅಥವಾ ಶಾಲೆಯ ಕೋಣೆಗಳಲ್ಲಿ. ಚರ್ಚು ಅಂದ ಮಾತ್ರಕ್ಕೆ ಮತದ ಮಾತಿಲ್ಲ, ಜಾಗ ಕೊಟ್ಟಿದ್ದಾರೆ ಅಷ್ಟೇ. ದೇವರ ಮಾತು ಬರುತ್ತೆ, ಪ್ರಾರ್ಥನೆಯೂ ಇರುತ್ತೆ. ನಿನಗೆ ಒಗ್ಗದಿದ್ದರೆ ಆ ಒಂದು ನಿಮಿಷ ಸುಮ್ಮನಿರು. ಸೇರೋಕೆ ಬೇಕಾದ್ದು ಕುಡಿತ ಬಿಡುವ ಆಸೆ ಒಂದೇ. ಫೀಸಿಲ್ಲ, ಫಾರಂ ಇಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತೆ, ಹತ್ತು ರೂಪಾಯಿ ಹಾಕು, ಹೊಸಬರು ಹಾಕದಿದ್ದರೂ ಯಾರೂ ನೋಡುವುದಿಲ್ಲ. ಸುಮಾರು ಒಂದರಿಂದ ಒಂದೂವರೆ ಗಂಟೆ. ಒಬ್ಬರಾದ ಮೇಲೆ ಒಬ್ಬರು ಹೆಸರು ಹೇಳಿ ಮಾತಾಡುತ್ತಾರೆ, ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮನೆಹೆಸರು, ಆಫೀಸು ಯಾವುದೂ ಹೇಳಬೇಕಿಲ್ಲ. ಮೊದಲ ದಿನ ‘ನಾನು ಕೇಳೋಕೆ ಬಂದಿದ್ದೀನಿ’ ಅಂದರೆ ಸಾಕು.

ಹೆಣ್ಣುಮಕ್ಕಳು ಕಡಿಮೆ ಇರುತ್ತಾರೆ, ಹದಿನೈದು ಗಂಡಸರ ನಡುವೆ ನೀನೊಬ್ಬಳೇ ಆಗಬಹುದು. ಅದಕ್ಕೇ, ಹೋಗುವ ಮೊದಲೇ ಎಎಗೆ ಫೋನ್ ಮಾಡಿ ಹೆಂಗಸರ ಮೀಟಿಂಗ್ ಯಾವುದು ಅಂತ ಕೇಳು; ಆನ್‌ಲೈನಿನಲ್ಲೂ ಇವೆ, ಕ್ಯಾಮೆರಾ ಮುಚ್ಚಿಕೊಂಡೇ ಕೂರಬಹುದು. ಸ್ಪಾನ್ಸರ್ ಅಂತ ಒಬ್ಬರನ್ನು ಇಟ್ಟುಕೊಳ್ಳಬೇಕು, ನಿನಗಿಂತ ಮೊದಲು ಬಿಟ್ಟು ಈ ದಾರಿಯಲ್ಲಿ ಒಂದಷ್ಟು ದೂರ ನಡೆದವರು. ಅವರು ಹೆಂಗಸೇ ಆಗಿರಲಿ, ಇದರಲ್ಲಿ ರಾಜಿ ಬೇಡ. ಮೊದಲ ವಾರಗಳಲ್ಲಿ ಮನಸ್ಸು ಹಸಿಯಾಗಿರುತ್ತೆ, ಸಹಾಯದ ನೆಪದಲ್ಲಿ ಹತ್ತಿರ ಬರುವವರು ಅಲ್ಲೂ ಇರಬಹುದು. ಕಾಫಿಗೆ ಕರೆದರೆ ಬರಲ್ಲ ಅನ್ನು, ಇನ್ನೊಂದು ಗುಂಪಿಗೆ ಹೋಗು. ಹಾಗೆಯೇ ಯಾರಾದರೂ ‘ಮಾತ್ರೆ ನುಂಗಿದರೆ ಬಿಟ್ಟ ಹಾಗಲ್ಲ, ಬಿಸಾಕು’ ಅಂದರೆ ಕೇಳಬೇಡ. ಸದಸ್ಯರು ಡಾಕ್ಟರಿಕೆ ಮಾಡಬಾರದು ಅಂತ ಎಎಯೇ ಹೇಳುತ್ತೆ.

ಮೊದಲ ಮೀಟಿಂಗಿನಲ್ಲೇ ಮೂರು ನಾಲ್ಕು ಹೆಂಗಸರ ನಂಬರ್ ಬರೆದುಕೋ, ಅವತ್ತೇ ರಾತ್ರಿ ಒಬ್ಬರಿಗೆ ಸುಮ್ಮನೆ ಫೋನ್ ಮಾಡು, ಏನೂ ಕಷ್ಟ ಇಲ್ಲದಿದ್ದರೂ. ಎಲ್ಲರೂ ಎಡವುವುದು ಇಲ್ಲೇ: ನಂಬರ್ ಇರುತ್ತೆ, ಕಷ್ಟದ ಹೊತ್ತಿನಲ್ಲಿ ಗೊತ್ತಿಲ್ಲದವರಿಗೆ ಹೇಗೆ ಮಾಡಲಿ ಅಂತ ಸಂಕೋಚ. ಮೊದಲೇ ಒಮ್ಮೆ ಮಾತಾಡಿದ್ದರೆ ಆ ಸಂಕೋಚ ಇರುವುದಿಲ್ಲ. ಕುಡಿಯುವ ಮೊದಲು ಮಾಡುವ ಫೋನು ಅದು. ದಾಹ ಏರಿ ಇಳಿಯೋಕೆ ಸಾಮಾನ್ಯವಾಗಿ ಕಾಲು ಗಂಟೆ, ಅರ್ಧ ಗಂಟೆ. ಅಷ್ಟು ಹೊತ್ತು ಆಚೆ ಕಡೆ ಒಂದು ದನಿ ಇದ್ದರೆ ಆಯಿತು. ಫೋನ್ ಮಾಡುವ ಮೊದಲು ನಿನ್ನನ್ನೇ ಕೇಳಿಕೋ: ಹಸಿವಾ, ಸಿಟ್ಟಾ, ಒಂಟಿತನವಾ, ಸುಸ್ತಾ? ಹಸಿವಾದರೆ ಎರಡು ಇಡ್ಲಿ ತಿಂದ ಮೇಲೆ ಅರ್ಧ ದಾಹ ಇಳಿದಿರುತ್ತೆ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅನ್ನುವ ರೂಢಿಯೂ ಇದೆ, ಅದರ ಲಾಭ ಸರಳ: ಆರೂವರೆಯಿಂದ ಎಂಟೂವರೆ ನಿನ್ನ ಕೈಯಲ್ಲಿ ಖಾಲಿ ಉಳಿಯುವುದಿಲ್ಲ.

ನಮ್ಮ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಗೊತ್ತಲ್ಲ, ಎಂಟು ದಿನದ್ದು. ಶಿಬಿರ ಮುಗಿಸಿದವರನ್ನು ಹಾಗೇ ಬಿಡದೆ ನವಜೀವನ ಸಮಿತಿ ಅಂತ ಕೂಡಿಸುತ್ತಾರೆ, ಬಿಟ್ಟವರು ಬಿಟ್ಟವರನ್ನೇ ನೋಡಿಕೊಳ್ಳಲಿ ಅಂತ. ಎರಡೂ ಕಡೆ ಮರ್ಮ ಒಂದೇ. ನಿನಗೆ ಊರಿನವರ ಕಣ್ಣು ಬೇಡ ಅಂದಿದ್ದಕ್ಕೆ ಬೆಂಗಳೂರಿನ ದಾರಿ ಬರೆದೆ.

ಜಾರಿದರೆ? ಅಂದರೆ ಒಂದು ದಿನ ಕುಡಿದೇಬಿಟ್ಟರೆ. ಅವತ್ತೇ ಸ್ಪಾನ್ಸರಿಗೆ ಹೇಳು, ನನಗೆ ಆಮೇಲೆ ಹೇಳಿದರೂ ಸರಿ. ನಾಲ್ಕಾರು ದಿನ ಸತತ ಕುಡಿದಿದ್ದರೆ ಮಾತ್ರ ಮತ್ತೆ ಒಬ್ಬಳೇ ನಿಲ್ಲಿಸಬೇಡ, ಡಾಕ್ಟರ ಹತ್ತಿರ ಹೋಗು. ನಿಲ್ಲಿಸಿ ಶುರು ಮಾಡಿ ನಿಲ್ಲಿಸಿದ ಹಾಗೆಲ್ಲ ನಡುಕ, ಫಿಟ್ಸ್ ಹಿಂದಿಗಿಂತ ಜೋರಾಗುತ್ತವೆ.

ನಿಮ್ಮತ್ತೆಗೆ ವಿಷಯ ತಿಳಿದರೆ ‘ಕುಡಿತ ಬಿಡಿಸೋಕೆ ಕಾಫಿಗೆ ಬೆರೆಸುವ ಪುಡಿ ಸಿಗುತ್ತೆ’ ಅನ್ನುತ್ತಾಳೆ. ಸಾಮಾನ್ಯವಾಗಿ ಡೈಸಲ್ಫಿರಾಮ್ ಅದು. ಅದು ಮೈಯಲ್ಲಿದ್ದು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ತಿಳಿದು, ಒಪ್ಪಿ, ಡಾಕ್ಟರ ನಿಗಾದಲ್ಲಿ ತೆಗೆದುಕೊಂಡರೆ ಅದು ಔಷಧ. ಕೊನೆಯ ಕುಡಿತ ಆಗಿ ಕನಿಷ್ಠ 12 ಗಂಟೆ ಕಳೆದಿರಬೇಕು. ಕದ್ದು ಬೆರೆಸಿದರೆ ವಿಷ. ನಾನು ಕೊಟ್ಟ ಕಾಫಿಯಲ್ಲಿ ಕಾಫಿ, ಹಾಲು, ಸಕ್ಕರೆ ಬಿಟ್ಟು ಏನೂ ಇರುವುದಿಲ್ಲ.

ನಿದ್ದೆ ಕೆಲವು ವಾರ ಸರಿಯಾಗುವುದಿಲ್ಲ. ಕುಡಿದ ಹಾಗೆ ಕನಸು ಬಿದ್ದು ಗಾಬರಿಯಿಂದ ಏಳುತ್ತೀಯ, ಬಹಳ ಜನರಿಗೆ ಬೀಳುತ್ತೆ. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಗುಂಪಿದೆ, ನಾನು ಅಲ್ಲಿಗೆ ಹೋಗುತ್ತೇನೆ. ನಿನ್ನನ್ನು ದಿನಕ್ಕೆ ಹತ್ತು ಸಲ ‘ಕುಡಿದೆಯಾ’ ಅಂತ ಕೇಳದೆ ಇರುವುದನ್ನು ಕಲಿಯೋಕೆ.

ನಾಳೆ ರಾತ್ರಿಯ ಬಸ್ಸು ಹತ್ತುತ್ತೇನೆ, ಬೆಳಿಗ್ಗೆ ಆರರ ಹೊತ್ತಿಗೆ ಮೆಜೆಸ್ಟಿಕ್. ಕರೆದುಕೊಂಡು ಹೋಗೋಕೆ ಬರಬೇಡ, ಆಟೋದಲ್ಲಿ ಬರುತ್ತೇನೆ. ರೂಮ್‌ಮೇಟಿಗೆ ಬಾಗಿಲು ತೆಗೆಯೋಕೆ ಹೇಳಿರು. ಆಧಾರ್ ಕಾರ್ಡು, ಹಳೆಯ ರಕ್ತಪರೀಕ್ಷೆಯ ಚೀಟಿಗಳಿದ್ದರೆ ಒಂದು ಕವರಿಗೆ ಹಾಕಿಡು. ರಾಗಿ ಹಿಟ್ಟು ನಾನೇ ತರುತ್ತೇನೆ.

ಅಮ್ಮ